ಒಲೆ ಮತ್ತು ಓಲೆ: ಹುಲ್ಲು, ಮಡಲು ಹೊದಿಸಿದ ಮನೆಗಳಲ್ಲಿ ಅಗ್ನಿಸುರಕ್ಷತೆ

೧. ಪೀಠಿಕೆ

ಕನ್ನಡದಲ್ಲಿ ‘ಒಲೆ’ ಮತ್ತು ‘ಓಲೆ’ ಎಂಬ ಎರಡು ಪದಗಳ ನಡುವಣ ಅಂತರ ಒಂದು ಮಾತ್ರೆಯದು. ಮೊದಲನೆಯದು ಅಡುಗೆಯ ಬೆಂಕಿಯ ನೆಲೆ. ತಮಿಳಿನ ‘ಉಲೈ’, ಮಲಯಾಳದಲ್ಲಿ ಕಮ್ಮಾರನ ಕುಲುಮೆಗೆ ಹೇಳುವ ‘ಉಲ’ ಇದರ ಜ್ಞಾತಿಪದಗಳು. ಎರಡನೆಯದು ತಾಳೆ, ತೆಂಗು ಮೊದಲಾದ ಮರಗಳ ಗರಿ. ತಮಿಳಿನ ‘ಓಲೈ’, ಮಲಯಾಳದ ‘ಓಲ’ ಇದರ ಬಳಗಕ್ಕೆ ಸೇರಿದವು. ಮಲಯಾಳದಲ್ಲಿ ‘ಓಲ’ ಎಂದರೆ ಮನೆಗೆ ಹೊದಿಸುವ ಹೆಣೆದ ಮಡಲೂ ಹೌದು, ಕಂಠದಿಂದ ಬರೆದ ಗ್ರಂಥದ ಗರಿಯೂ ಹೌದು. ಶಬ್ದಗಳ ನಡುವಣ ಈ ಅಂತರ ಭಾಷಾಭ್ಯಾಸಿಗಳ ಕುತೂಹಲಕ್ಕೆ ಸೇರಿದ್ದು. ಮನೆಯೊಳಗೆ ಒಲೆಗೂ ಓಲೆಗೂ ನಡುವೆ ಕಾಯ್ದುಕೊಳ್ಳಬೇಕಾದ ಅಂತರವಾದರೋ ಜೀವದ ಪ್ರಶ್ನೆ.

ಸೌದೆಯೊಲೆಯನ್ನೂ ಹೊಗೆಕೊಳವೆಯನ್ನೂ ಹುಲ್ಲುಮನೆಯಲ್ಲಿ ಅಪಾಯವಿಲ್ಲದಂತೆ ಇರಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಯೊಬ್ಬ ಇದನ್ನು ಕೈಗೆತ್ತಿಕೊಂಡುದಕ್ಕೆ ಕಾರಣ ಮುಂದೆ ತಾನಾಗಿಯೇ ತಿಳಿದುಬರುತ್ತದೆ. ಇಲ್ಲಿ ಪ್ರತಿಪಾದಿಸಬೇಕೆಂದಿರುವ ಅಂಶ ಒಂದೇ: ಹಳೆಯ ಹುಲ್ಲುಮನೆಯಲ್ಲಿ ಬೆಂಕಿಯನ್ನು ಅಂಕೆಯಲ್ಲಿಡುವ ಒಂದು ವ್ಯವಸ್ಥೆ ಇತ್ತು, ಹೊಗೆಯನ್ನು ಹೊರಹಾಕಲು ಬಂದ ಕೊಳವೆ ಆರೋಗ್ಯಕ್ಕೆ ಹಿತವಾದರೂ ಬೆಂಕಿಯ ಅಪಾಯವನ್ನು ಒಲೆಯ ಬುಡದಿಂದ ಛಾವಣಿಯ ನಡುವಿಗೆ ಒಯ್ದಿತು. ಆ ಸ್ಥಳಾಂತರವನ್ನು ಅರಿಯದೆ ಕೂರಿಸಿದ ಕೊಳವೆ ಉಪಕಾರಕ್ಕೆ ಬಂದು ಮನೆಯನ್ನೇ ಸುಡಬಲ್ಲುದು.

ಇಂದು ಹುಲ್ಲುಮನೆಗಳೆಲ್ಲಿವೆ ಎಂಬ ಪ್ರಶ್ನೆ ಸಹಜ. ಕೊಚ್ಚಿಯ ಕಲೂರ್‌ನಲ್ಲಿ ನಿಂತವನಿಗೆ ೧೯೯೬ರಲ್ಲಿ ಕಟ್ಟಿದ ಕ್ರೀಡಾಂಗಣ, ೨೦೧೭ರಲ್ಲಿ ಬಂದ ಮೆಟ್ರೋ ರೈಲು ಕಾಣುತ್ತವೆಯೇ ಹೊರತು ಮಡಲಿನ ಮಾಡು ಕಾಣುವುದಿಲ್ಲ. ಆದರೆ ೨೦೧೧ರ ಜನಗಣತಿಯ ವೇಳೆಗೂ ದೇಶದ ಕುಟುಂಬಗಳಲ್ಲಿ ಸುಮಾರು ಶೇ. ೧೫ರಷ್ಟು ಹುಲ್ಲು, ಗರಿ, ಬಿದಿರು, ಮಣ್ಣು ಮೊದಲಾದವುಗಳ ಛಾವಣಿಯ ಕೆಳಗೆ ವಾಸವಾಗಿದ್ದವು. ಸಾಕ್ಷರತೆಯಲ್ಲಿ ಮುಂದಿರುವ ಕೇರಳದಲ್ಲಿಯೂ ಅದೇ ಗಣತಿಯಂತೆ ಶೇ. ೬೦ಕ್ಕೂ ಹೆಚ್ಚು ಕುಟುಂಬಗಳ ಮುಖ್ಯ ಇಂಧನ ಸೌದೆಯೇ ಆಗಿತ್ತು. ೨೦೧೬ರಲ್ಲಿ ಆರಂಭವಾದ ಉಜ್ವಲ ಯೋಜನೆಯ ಬಳಿಕ ಅನಿಲ ಸಿಲಿಂಡರು ಬಹಳ ಮನೆಗಳನ್ನು ಮುಟ್ಟಿದೆ. ಆದರೂ ಅನ್ನಕ್ಕೆ, ಬಿಸಿನೀರಿಗೆ, ದನಗಳ ಹುರುಳಿ ಬೇಯಿಸಲು ಸೌದೆಯೊಲೆ ಅನೇಕ ಕಡೆ ಉಳಿದುಕೊಂಡಿದೆ. ಹಳೆಯ ಮನೆ ಹೆಂಚಿನದಾದರೂ ಹಿಂಬದಿಯ ಬಚ್ಚಲು, ಕೊಟ್ಟಿಗೆ, ಮದುವೆ ಮತ್ತು ಉತ್ಸವಗಳ ಅಡುಗೆ ಚಪ್ಪರ ಇಂದಿಗೂ ಮಡಲಿನವೇ ಆಗಿರುವುದುಂಟು. ಪ್ರವಾಸಿಗರಿಗಾಗಿ ಹೊಸದಾಗಿ ಕಟ್ಟುವ ‘ಹಳ್ಳಿಮನೆ’ಗಳು ಹುಲ್ಲನ್ನು ಮತ್ತೆ ಮಾಡಿಗೇರಿಸಿವೆ.

ವಿಷಯದ ಗಾಂಭೀರ್ಯಕ್ಕೆ ಒಂದು ಸಾಕ್ಷ್ಯ ಸಾಕು. ೨೦೦೪ರ ಜುಲೈ ೧೬ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಬೇಯುತ್ತಿದ್ದ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ, ಅಲ್ಲಿಂದ ತರಗತಿಗಳ ಮೇಲಿನ ಗರಿಯ ಮಾಡಿಗೆ ಹಬ್ಬಿ, ೯೪ ಮಕ್ಕಳು ಪ್ರಾಣ ಕಳೆದುಕೊಂಡರು. ಒಲೆಗೂ ಓಲೆಗೂ ನಡುವೆ ಇರಬೇಕಾದ ಅಂತರ ಅಲ್ಲಿ ಇರಲಿಲ್ಲ.

೨. ಹಳೆಯ ಮನೆಯ ವ್ಯವಸ್ಥೆ

೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡು ಸೀಮೆ ಕನ್ನಡ, ತುಳು, ಮಲಯಾಳಗಳು ಒಂದೇ ಅಂಗಳದಲ್ಲಿ ಬೆರೆಯುವ ಪ್ರದೇಶ. ಅಲ್ಲಿನ ಹಳೆಯ ಮನೆಗಳ ಹೊದಿಕೆ ಮುಖ್ಯವಾಗಿ ಮೂರು ಬಗೆಯದು. ಮುರಕಲ್ಲಿನ ಪದವುಗಳಲ್ಲಿ ಬೆಳೆಯುವ ಮುಳಿಹುಲ್ಲು ಒಂದು. ಅಡಕೆಯ ಸೋಗೆ ಇನ್ನೊಂದು. ಹೆಣೆದ ತೆಂಗಿನ ಮಡಲು ಮತ್ತೊಂದು. ದಕ್ಷಿಣಕ್ಕೆ ಹೋದಂತೆ, ಕೊಚ್ಚಿ ಮತ್ತು ತಿರುವನಂತಪುರಗಳ ಕಡೆ, ಮಡಲೇ ಪ್ರಧಾನ. ಹೆಂಚು ಬಹುಕಾಲ ಸಾಮಾನ್ಯರದಾಗಿರಲಿಲ್ಲ. ಮಲಬಾರಿನಲ್ಲಿ ಹೆಂಚು ಹೊದಿಸುವುದು ದೇವಾಲಯ, ಅರಮನೆಗಳಿಗೆ ಮೀಸಲಾಗಿದ್ದು, ಇತರರಿಗೆ ಅರಸರ ಅನುಮತಿ ಬೇಕಾಗಿದ್ದ ಕಾಲವಿತ್ತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ‘ಮಂಗಳೂರು ಹೆಂಚು’ ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿತು. ಆದರೂ ಬಡವರ ಮನೆಗೆ ಅದು ಮುಟ್ಟಲು ಇನ್ನೂ ನೂರು ವರ್ಷ ಬೇಕಾಯಿತು.

ಇಂಥ ಮನೆಯಲ್ಲಿ ದಿನಕ್ಕೆರಡು ಬಾರಿ ಬೆಂಕಿ ಉರಿಸುತ್ತಿದ್ದರೂ ಊರೆಲ್ಲ ಸುಟ್ಟುಹೋಗದೆ ಉಳಿದುದಕ್ಕೆ ಕಾರಣಗಳಿವೆ. ಮೊದಲನೆಯದು ಅಟ್ಟ. ಒಲೆಯ ನೇರ ಮೇಲೆ, ಆಳೆತ್ತರದಲ್ಲಿ, ಬಿದಿರನ್ನು ಅಥವಾ ಅಡಕೆಯ ದಬ್ಬೆಗಳನ್ನು ಒತ್ತೊತ್ತಾಗಿ ಹಾಸಿ, ಮೇಲೆ ಮಣ್ಣು ಮೆತ್ತಿದ ಅಟ್ಟವಿರುತ್ತಿತ್ತು. ಮಳೆಗಾಲಕ್ಕೆ ಬೇಕಾದ ಕಾಯಿ, ಅಡಕೆ, ಬಿತ್ತನೆಯ ಬೀಜ ಒಣಗುವುದು ಇದರ ಮೇಲೆ. ಇದರ ಎರಡನೆಯ ಪ್ರಯೋಜನ ಮೇಲುನೋಟಕ್ಕೆ ಕಾಣುವುದಿಲ್ಲ: ಒಲೆಯಿಂದ ಚಿಮ್ಮಿದ ಕಿಡಿ ಮಣ್ಣು ಮೆತ್ತಿದ ಅಟ್ಟದ ಅಡಿಗೆ ಬಡಿದು ಆರುತ್ತಿತ್ತು, ಜ್ವಾಲೆಯ ತುದಿ ಅಟ್ಟವನ್ನು ದಾಟುತ್ತಿರಲಿಲ್ಲ. ಬಿಸಿಯಾದ ಹೊಗೆ ಅಟ್ಟವನ್ನು ಬಳಸಿಕೊಂಡು ಹೋಗುವಷ್ಟರಲ್ಲಿ ತಣ್ಣಗಾಗಿ, ಮಾಡಿನ ಸಂದುಗಳಲ್ಲಿ ನಿಧಾನವಾಗಿ ಹೊರಬೀಳುತ್ತಿತ್ತು.

ಎರಡನೆಯದು ಬೇರ್ಪಡಿಕೆ. ಹಂಡೆಯ ನೀರು ಕಾಯಿಸುವ ದೊಡ್ಡ ಬೆಂಕಿ, ಭತ್ತ ಬೇಯಿಸುವ ಬೆಂಕಿ, ಇವು ಮುಖ್ಯ ಮನೆಯಿಂದ ದೂರದ ಬಚ್ಚಲಿಗೆ ಅಥವಾ ಅಂಗಳದ ಅಂಚಿಗೆ ಸೇರಿದವು. ಮೂರನೆಯದು ದಿಕ್ಕು. ವಾಸ್ತುಶಾಸ್ತ್ರ ಅಡುಗೆಮನೆಗೆ ಸಾಮಾನ್ಯವಾಗಿ ಆಗ್ನೇಯವನ್ನು ವಿಧಿಸುತ್ತದೆ. ಕೇರಳದ ನಾಲುಕೆಟ್ಟು ಮನೆಗಳಲ್ಲಿ ಅದು ಹೆಚ್ಚಾಗಿ ಈಶಾನ್ಯಕ್ಕೆ ಇರುತ್ತದೆ. ಎರಡೂ ಪೂರ್ವದ ಬದಿಯವು ಎಂಬುದು ಗಮನಾರ್ಹ. ಕರಾವಳಿಯಲ್ಲಿ ಮಳೆಗಾಲದ ಗಾಳಿ ನೈಋತ್ಯ ಮತ್ತು ಪಶ್ಚಿಮಗಳಿಂದ ಬೀಸುತ್ತದೆ. ಬೇಸಗೆಯ ಮಧ್ಯಾಹ್ನದ ಕಡಲಗಾಳಿಯೂ ಪಶ್ಚಿಮದ್ದೇ. ಪೂರ್ವದ ಅಂಚಿನಲ್ಲಿ ಒಲೆಯಿದ್ದರೆ ಹೊಗೆ, ಕಿಡಿಗಳು ಮನೆಯಿಂದ ಆಚೆಗೆ ಹೋಗುತ್ತವೆ. ಅಗ್ನಿಮೂಲೆಯ ಕಲ್ಪನೆಗೆ ಧಾರ್ಮಿಕ ಅರ್ಥ ಇರಲಿ, ಈ ಲೌಕಿಕ ಪ್ರಯೋಜನವೂ ಅದರೊಳಗೆ ಅಡಗಿದೆಯೆಂಬುದು ನನ್ನ ಊಹೆ.

ನಾಲ್ಕನೆಯದು ವಾರ್ಷಿಕ ಕ್ರಮ. ಮಡಲಿನ ಮಾಡನ್ನು ವರ್ಷಕ್ಕೊಮ್ಮೆ ಮಳೆಗೆ ಮುನ್ನ ಬಿಚ್ಚಿ ಹೊಸತು ಹೊದಿಸುತ್ತಿದ್ದರು. ಹೊಗೆಯ ಮಸಿ ಕಟ್ಟಿದ ಹಳೆಯ ಗರಿಗಳು ಆಗ ಕೆಳಗಿಳಿಯುತ್ತಿದ್ದವು. ಈ ಮಸಿಗೆ ಕನ್ನಡದಲ್ಲಿ ‘ಇಲ್ಲಣ’ ಎಂಬ ಹಳೆಯ ಹೆಸರಿದೆ. ಮಲಯಾಳದ ‘ಇಲ್ಲನಕ್ಕರಿ’ಯನ್ನು ಇದರೊಡನೆ ಹೋಲಿಸಬಹುದು. ಆಯುರ್ವೇದ ಇದನ್ನೇ ಗೃಹಧೂಮವೆಂದು ಕರೆದು ಔಷಧದ್ರವ್ಯಗಳಲ್ಲಿ ಸೇರಿಸಿದೆ. ಇಲ್ಲಣವು ಹುಳುಗಳನ್ನು ದೂರವಿಡುತ್ತದೆ, ಗಳುಗಳನ್ನು ಗಟ್ಟಿಮಾಡುತ್ತದೆ. ಆದರೆ ತಾನೇ ಉರಿಯುವ ವಸ್ತುವೂ ಆಗಿದೆ. ಈ ಎರಡು ಗುಣಗಳನ್ನು ಒಟ್ಟಿಗೆ ನೆನಪಿಡಬೇಕು.

೩. ಶಾಸ್ತ್ರಗ್ರಂಥದ ಸಾಕ್ಷ್ಯ

ಗೃಹಸ್ಥನ ಬೆಂಕಿಯನ್ನು ನಿಯಮಕ್ಕೆ ಒಳಪಡಿಸಿದ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಮುಖ್ಯವಾದುದು. ಈ ಗ್ರಂಥಕ್ಕೂ ನಮ್ಮ ಪ್ರದೇಶಕ್ಕೂ ನಂಟಿದೆ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತುದು ಇದರ ಓಲೆಪ್ರತಿ. ೧೯೦೯ರಲ್ಲಿ ಅವರು ಅದನ್ನು ಪ್ರಕಟಿಸಿದರು. ಬಳಿಕ ೧೯೨೪-೨೫ರಲ್ಲಿ ಟಿ. ಗಣಪತಿಶಾಸ್ತ್ರಿಗಳು ತಮ್ಮ ವ್ಯಾಖ್ಯಾನದೊಡನೆ ಅದನ್ನು ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಹೊರತಂದರು.

ಇದರ ಎರಡನೆಯ ಅಧಿಕರಣದ ೩೬ನೆಯ ಅಧ್ಯಾಯ ನಗರಾಧಿಕಾರಿಯಾದ ನಾಗರಕನ ಕರ್ತವ್ಯಗಳನ್ನು ಹೇಳುತ್ತದೆ. ಬೇಸಗೆಯಲ್ಲಿ ಹಗಲಿನ ನಡುವಣ ಹೊತ್ತಿನಲ್ಲಿ ಬೆಂಕಿ ಉರಿಸಿದವನಿಗೆ ದಂಡ. ಅಡುಗೆ ಮಾಡಲೇಬೇಕಾದರೆ ಮನೆಯ ಹೊರಗೆ ಮಾಡತಕ್ಕದ್ದು. ಹುಲ್ಲು, ಚಾಪೆಗಳ ಹೊದಿಕೆಯನ್ನು ಆಗ ತೆಗೆಸಬೇಕು. ಬೆಂಕಿಯಿಂದ ಜೀವಿಸುವ ಕಸುಬಿನವರು ಒಂದೆಡೆ ನೆಲೆಸಬೇಕು. ಬೀದಿಗಳಲ್ಲಿ ನೀರಿನ ಕೊಡಗಳನ್ನು ಸಾಲಾಗಿ ಇಡಬೇಕು. ಪ್ರತಿ ಮನೆಯಲ್ಲಿ ನೀರಿನ ಗಡಿಗೆಗಳು, ಕುಂಭ, ದೋಣಿಯಾಕಾರದ ತೊಟ್ಟಿ, ಏಣಿ, ಕೊಡಲಿ, ಮೊರ, ಅಂಕುಶ, ತೊಗಲಿನ ಚೀಲಗಳ ಜೊತೆಗೆ ‘ಕಚಗ್ರಹಣಿ’ ಎಂಬ ಸಾಧನ ಇಲ್ಲದಿದ್ದರೂ ದಂಡವಿದೆ. ಕಚವೆಂದರೆ ಕೂದಲು. ಮಾಡಿನ ಹುಲ್ಲನ್ನು ಕೂದಲಿನಂತೆ ಹಿಡಿದೆಳೆಯುವ ಕೊಕ್ಕೆ ಇದು. ಹತ್ತಿದ ಹುಲ್ಲನ್ನು ಆರಿಸುವುದಕ್ಕಿಂತ ಹತ್ತದ ಹುಲ್ಲನ್ನು ಎಳೆದು ಬೆಂಕಿಗೆ ದಾರಿ ಕಡಿಯುವುದು ಮುಖ್ಯವೆಂಬ ಅನುಭವಜ್ಞಾನ ಈ ಒಂದು ಪದದಲ್ಲಿದೆ.

ಕನ್ನಡದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಇಮ್ಮಡಿ ಚಾವುಂಡರಾಯನ ಲೋಕೋಪಕಾರ (ಸು. ೧೦೨೫) ವಾಸ್ತುವಿಗೂ ಸೂಪಶಾಸ್ತ್ರಕ್ಕೂ ಒಂದೇ ಗ್ರಂಥದಲ್ಲಿ ಎಡೆ ಕೊಟ್ಟಿದೆ. ಮನೆ ಕಟ್ಟುವ ವಿದ್ಯೆ ಮತ್ತು ಅಡುಗೆಯ ವಿದ್ಯೆ ಗೃಹಸ್ಥನೊಬ್ಬನೇ ಅರಿತಿರಬೇಕಾದ ವಿಷಯಗಳೆಂಬ ಆ ಗ್ರಹಿಕೆ ನಮ್ಮ ಕಾಲದಲ್ಲಿ ಒಡೆದುಹೋಯಿತು. ಮಾಡು ಹೊದಿಸುವವನೊಬ್ಬ, ಒಲೆ ಹಾಕುವವನು ಇನ್ನೊಬ್ಬ, ಕೊಳವೆ ಕೂರಿಸುವವನು ಮತ್ತೊಬ್ಬ ಎಂದಾದಾಗ ಮೂವರ ಕೆಲಸ ಕೂಡುವ ಜಾಗವನ್ನು ನೋಡುವವರು ಯಾರೂ ಇಲ್ಲವಾದರು.

೪. ಹೊಗೆಕೊಳವೆಯ ಆಗಮನ

ಕನ್ನಡ ಮನೆಗಳಲ್ಲಿ ‘ಚಿಮಣಿ’ ಎಂದರೆ ಸೀಮೆಎಣ್ಣೆಯ ಪುಟ್ಟ ದೀಪ ಎಂಬ ಅರ್ಥವೂ ಇರುವುದರಿಂದ ಇಲ್ಲಿ ‘ಹೊಗೆಕೊಳವೆ’ ಎಂಬ ಮಾತನ್ನು ಬಳಸಿದ್ದೇನೆ.

ಅಡುಗೆಮನೆಯ ಹೊಗೆ ಪ್ರಾಣಾಪಾಯಕರವೆಂಬುದರಲ್ಲಿ ಸಂದೇಹವಿಲ್ಲ. ೨೦೨೦ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇವರಲ್ಲಿ ಒಲೆಯ ಮುಂದೆ ಕುಳಿತ ಹೆಂಗಸರು ಮತ್ತು ಅವರ ಮಡಿಲ ಮಕ್ಕಳು ಬಹಳ. ಆದ್ದರಿಂದ ಹಳೆಯ ಹೊಗೆತುಂಬಿದ ಅಡುಗೆಮನೆಗೆ ಹಿಂದಿರುಗಬೇಕೆಂದು ಯಾರೂ ಹೇಳಲಾರರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಗ್ರಾಮೀಣ ತಂತ್ರಜ್ಞಾನವನ್ನು ಕುರಿತು ಕೆಲಸಮಾಡಿತು. ಅಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಮೂರು ಪಾತ್ರೆಗಳನ್ನಿಡುವ, ಮುಚ್ಚಿದ ಬೆಂಕಿಗೂಡಿನ, ಹೊಗೆಕೊಳವೆಯುಳ್ಳ ಮಣ್ಣಿನ ಒಲೆ. ಕೇರಳದಲ್ಲಿ ೧೯೬೨ರಲ್ಲಿ ಸ್ಥಾಪಿತವಾದ ಶಾಸ್ತ್ರ ಸಾಹಿತ್ಯ ಪರಿಷತ್ತು ೧೯೮೦ರ ದಶಕದಲ್ಲಿ ‘ಪರಿಷತ್ ಅಡುಪ್ಪ್’ ಎಂಬ ಸುಧಾರಿತ ಒಲೆಯನ್ನು ಮನೆಮನೆಗೆ ಪರಿಚಯಿಸಿತು. ೧೯೮೬ರಲ್ಲಿ ತಿರುವನಂತಪುರದಲ್ಲಿ ಸ್ಥಾಪಿತವಾದ ‘ಅನರ್ಟ್’ ಸಂಸ್ಥೆಯೂ ಈ ಕಾರ್ಯದಲ್ಲಿ ತೊಡಗಿತು. ಕೇಂದ್ರ ಸರಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ೧೯೮೦ರ ದಶಕದ ಮಧ್ಯದಿಂದ ೨೦೦೨ರವರೆಗೆ ನಡೆದು, ೩ ಕೋಟಿಗೂ ಮೀರಿ ಒಲೆಗಳನ್ನು ಹಂಚಿತು. ಸೌದೆಯ ಉಳಿತಾಯ, ಹೊಗೆಯ ನಿವಾರಣೆ ಈ ಎಲ್ಲ ಪ್ರಯತ್ನಗಳ ಉದ್ದೇಶ. ಮಾಡು ಹೆಂಚಿನದಾದಲ್ಲಿ ಕೊಳವೆ ತೊಡಕಿಲ್ಲದೆ ಹೊರಹೋಯಿತು. ಹುಲ್ಲಿನದಾದಲ್ಲಿ ಕಷ್ಟ ಒದಗಿತು.

ನನ್ನ ಅನುಭವದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ೧೯೮೦ರ ದಶಕದ ಕೊನೆಯಲ್ಲಿ, ನಾನು ವಿದ್ಯಾರ್ಥಿಯಾಗಿದ್ದಾಗ, ಕಾಸರಗೋಡು ಸೀಮೆಯ ನಮ್ಮ ಬಂಧುಗಳೊಬ್ಬರ ಮುಳಿಹುಲ್ಲಿನ ಅಡುಗೆಮನೆಗೆ ಹೊಗೆಯಿಲ್ಲದ ಒಲೆ ಬಂದಿತು. ಕೊಳವೆಗೆ ದಾರಿಮಾಡಲು ಅಟ್ಟದ ಒಂದು ಮೂಲೆಯನ್ನು ಕಡಿದು, ಮಾಡಿನ ಹುಲ್ಲನ್ನು ಸರಿಸಿ ತೂರಿಸಿದರು. ಮಳೆ ಸೋರದಿರಲೆಂದು ಕೊಳವೆಯ ಸುತ್ತ ಹೊಸ ಹುಲ್ಲನ್ನು ಬಿಗಿಯಾಗಿ ತುರುಕಿದರು. ಮನೆಯ ಅಜ್ಜಿಗೆ ಬಹಳ ಸಂತೋಷವಾಯಿತು. ಅವರ ಕಣ್ಣುರಿ ಕಡಿಮೆಯಾಯಿತು. ಎರಡನೆಯ ಬೇಸಗೆಯಲ್ಲಿ, ಒಂದು ಮಧ್ಯಾಹ್ನ, ಒಲೆಯ ಬೆಂಕಿ ತಣ್ಣಗಾದ ಮೇಲೆ, ಕೊಳವೆಯ ಸುತ್ತಲಿನ ಹುಲ್ಲು ಒಳಗಿಂದೊಳಗೆ ಕೆಂಡವಾಗಿ ಹತ್ತಿಕೊಂಡಿತು. ಜನ, ದನ ಉಳಿದವು. ಉಳಿಯದಿದ್ದುದು ಅಟ್ಟದ ಇನ್ನೊಂದು ಮೂಲೆಯಲ್ಲಿದ್ದ ಮೂರು ಕಟ್ಟು ತಾಳೆಯೋಲೆ. ಯಕ್ಷಗಾನ ಪ್ರಸಂಗಗಳೆಂದು ಮನೆಯವರು ಹೇಳುತ್ತಿದ್ದರು. ಯಾವ ಪ್ರಸಂಗ, ಯಾರ ಕೈಬರೆಹ ಎಂದು ಯಾರೂ ಬಿಚ್ಚಿ ನೋಡಿರಲಿಲ್ಲ. ಪಾರ್ತಿಸುಬ್ಬನ ಊರಾದ ಕುಂಬಳೆಗೆ ಸಮೀಪದ ಆ ಮನೆಯಲ್ಲಿ ಏನು ಸುಟ್ಟಿತೆಂಬುದು ಇನ್ನು ಯಾರಿಗೂ ತಿಳಿಯಲಾರದು. ಗ್ರಂಥಸಂಪಾದನೆಯನ್ನು ಅಭ್ಯಾಸಮಾಡಿದ ದಿನಗಳಲ್ಲೆಲ್ಲ ಆ ಮೂರು ಕಟ್ಟುಗಳು ನನ್ನ ನೆನಪಿನಲ್ಲಿದ್ದವು.

ಅಲ್ಲಿ ತಪ್ಪಿದ್ದು ಒಲೆಯಲ್ಲ. ಅಟ್ಟವನ್ನು ಕಡಿದುದು ಒಂದು ತಪ್ಪು, ಕೊಳವೆಗೆ ಹುಲ್ಲನ್ನು ತಗುಲಿಸಿದುದು ಇನ್ನೊಂದು.

೫. ಬೆಂಕಿ ಹತ್ತುವ ಬಗೆ

ಹುಲ್ಲುಮನೆಯಲ್ಲಿ ಸೌದೆಯೊಲೆಯಿಂದ ಬೆಂಕಿ ಹತ್ತುವ ದಾರಿಗಳನ್ನು ನಾಲ್ಕಾಗಿ ವಿಂಗಡಿಸಬಹುದು.

(ಅ) ತಾಗುಶಾಖ. ಒಣಗಿದ ಸಸ್ಯವಸ್ತು ಸಾಮಾನ್ಯವಾಗಿ ಸುಮಾರು ೨೫೦ರಿಂದ ೩೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹತ್ತಿಕೊಳ್ಳುತ್ತದೆ. ಜೋರಾಗಿ ಉರಿಯುವ ಒಲೆಯ ಕೊಳವೆಯ ಕೆಳಭಾಗ ಈ ಮಟ್ಟಕ್ಕೆ ಏರಬಲ್ಲುದು. ಇದಕ್ಕಿಂತ ಬಹಳ ಕಡಿಮೆ ಶಾಖವಾದರೂ ತಿಂಗಳುಗಟ್ಟಲೆ ತಾಗುತ್ತಿದ್ದರೆ ಹುಲ್ಲು, ಗಳು ಮೆಲ್ಲಮೆಲ್ಲನೆ ಕರಿಯಾಗಿ, ಹಿಂದಿಗಿಂತ ಸುಲಭವಾಗಿ ಹತ್ತುವ ಸ್ಥಿತಿಗೆ ಬರುತ್ತವೆ. ಮೊದಲ ವರ್ಷ ಏನೂ ಆಗಲಿಲ್ಲವೆಂಬುದು ಎರಡನೆಯ ವರ್ಷಕ್ಕೆ ಭರವಸೆಯಲ್ಲ.

(ಆ) ಕಿಡಿ. ತೆಂಗಿನ ಗರಿ, ಅಡಕೆಯ ಹಾಳೆ, ಒಣಗಿದ ಎಲೆಗಳು ಭಗ್ಗನೆ ಉರಿದು ಹಗುರವಾದ ಕಿಡಿಗಳನ್ನು ಹಾರಿಸುತ್ತವೆ. ಕೊಳವೆಯ ಎಳೆತ ಅವನ್ನು ಆರದಂತೆಯೇ ಮೇಲಕ್ಕೊಯ್ದು ಮಾಡಿನ ಮೇಲೆ ಚೆಲ್ಲುತ್ತದೆ. ಕೊಳವೆಯ ಬಾಯಿ ಮಾಡಿಗೆ ಹತ್ತಿರವಿದ್ದಷ್ಟೂ ಕಿಡಿ ಜೀವಂತವಾಗಿ ಬೀಳುತ್ತದೆ.

(ಇ) ಕೊಳವೆಯೊಳಗಿನ ಬೆಂಕಿ. ಹಸಿ ಸೌದೆಯ ಹೊಗೆ ತಣ್ಣನೆಯ ಕೊಳವೆಯ ಒಳಮೈಗೆ ತಾಗಿ ಜಿಗುಟಾದ ಅಂಟಾಗಿ, ಇಲ್ಲಣದೊಡನೆ ಪದರಗಟ್ಟುತ್ತದೆ. ಒಂದು ದಿನ ಜೋರಾದ ಜ್ವಾಲೆ ತಗುಲಿದರೆ ಆ ಪದರವೇ ಹತ್ತಿ, ಕೊಳವೆಯೊಳಗೆ ೧೦೦೦ ಡಿಗ್ರಿಗೂ ಮೀರಿದ ಶಾಖ ಹುಟ್ಟಬಹುದು. ಭೋರ್ಗರೆಯುವ ಸದ್ದು, ಕೊಳವೆಯ ಬಾಯಲ್ಲಿ ಜ್ವಾಲೆ, ಇವು ಇದರ ಲಕ್ಷಣಗಳು.

(ಈ) ಆರದ ಕೆಂಡ. ಬೆಳಗಿನ ಬೆಂಕಿಗಾಗಿ ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು ಹಳೆಯ ವಾಡಿಕೆ. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಬದುಕಿರಬಲ್ಲುದು. ಆರಿತೆಂದು ಭಾವಿಸಿ ಬೂದಿಯನ್ನು ಬುಟ್ಟಿಗೆ ತುಂಬಿ ಸೂರಿನಡಿ ಇಡುವುದರಿಂದ, ಮಡಲಿನ ಗೋಡೆಗೆ ಒರಗಿಸುವುದರಿಂದ ಅನಾಹುತವ��ಗುತ್ತದೆ. ಒಣಗರಿಯ ದೊಂದಿಯನ್ನು, ಅಂದರೆ ತುಳುವಿನ ತೂಟೆ, ಮಲಯಾಳದ ಚೂಟ್ಟ್ ಎಂಬುದನ್ನು, ಸೂರಿನ ಬಳಿ ಬಡಿದು ಆರಿಸುವುದೂ ಇದೇ ವರ್ಗಕ್ಕೆ ಸೇರಿದ ಅಪಾಯ.

ಹಳೆಯ ಅಟ್ಟ ಒಲೆಯ ಜ್ವಾಲೆಯನ್ನೂ ಕಿಡಿಯನ್ನೂ ತಡೆಯುತ್ತಿತ್ತು. ಕೊಳವೆ ಆ ತಡೆಯನ್ನು ದಾಟಿ ಶಾಖವನ್ನು ಹುಲ್ಲಿನವರೆಗೆ ಒಯ್ದಿತು. ಆದ್ದರಿಂದ ಮೊದಲ ಮೂರು ದಾರಿಗಳಿಗೂ ಕೊಳವೆ ಮಾಡನ್ನು ದಾಟುವ ಜಾಗವೇ ಮರ್ಮಸ್ಥಾನ.

೬. ಸುರಕ್ಷತೆಯ ಕ್ರಮ

ಮೊದಲ ಆಯ್ಕೆ, ಒಲೆಯ ಮೇಲಿನ ಮಾಡನ್ನಷ್ಟೇ ಬದಲಿಸುವುದು. ಮನೆಯೆಲ್ಲ ಹುಲ್ಲಿನದಾದರೂ ಅಡುಗೆಯ ಮೂಲೆಗೆ ಮಾತ್ರ ಹೆಂಚು ಅಥವಾ ತಗಡು ಹೊದಿಸಿ, ಹುಲ್ಲಿಗೂ ಅದಕ್ಕೂ ನಡುವೆ ಮಾಡಿನ ತನಕ ಏರಿದ ಮಣ್ಣಿನ ಗೋಡೆ ಇದ್ದರೆ ಅರ್ಧಕ್ಕಿಂತ ಹೆಚ್ಚು ಅಪಾಯ ತೊಲಗುತ್ತದೆ. ಪ್ರತ್ಯೇಕವಾದ ಸಣ್ಣ ಅಡುಗೆಮನೆ ಇನ್ನೂ ಉತ್ತಮ; ಅದು ಗಾಳಿಯ ಆಚೆಬದಿಯಲ್ಲಿರಬೇಕು.

ಎರಡನೆಯ ಆಯ್ಕೆ, ಕೊಳವೆಯನ್ನು ಮಾಡಿನ ಮೂಲಕ ಒಯ್ಯದೆ ಮಣ್ಣಿನ ಅಥವಾ ಕಲ್ಲಿನ ಗೋಡೆಯ ಮೂಲಕ ಹೊರಗೊಯ್ಯುವುದು. ಸೂರು ಇಳಿಯದ, ತ್ರಿಕೋನಾಕಾರದ ಪಕ್ಕದ ಗೋಡೆ ಇದಕ್ಕೆ ತಕ್ಕದ್ದು. ಗೋಡೆಯೊಳಗಿನ ಭಾಗ ಆದಷ್ಟು ಗಿಡ್ಡವಾಗಿ, ಹೊರಕ್ಕೆ ಏರುಮುಖವಾಗಿ ಇರಬೇಕು. ಹೊರಗಿನ ಕೊಳವೆಗೆ ನೆಲದಿಂದಲೇ ಇಟ್ಟಿಗೆಯ ಆಸರೆ ಕೊಡಬೇಕು. ಒಂದೇ ಪದರದ ಲೋಹದ ಕೊಳವೆಯಾದರೆ ಅದು ಉರಿಯುವ ವಸ್ತುವಿನಿಂದ ೧೮ ಅಂಗುಲ, ಎಂದರೆ ಸುಮಾರು ೪೫ ಸೆಂಟಿಮೀಟರು ದೂರವಿರಬೇಕೆಂಬುದು ಅಮೆರಿಕದ ನಿಯಮ. ಕೊಳವೆಯ ಬಾಯಿ ಹುಲ್ಲಿನ ಮಟ್ಟದಿಂದ ಕನಿಷ್ಠ ೧.೮ ಮೀಟರು ಮೇಲಿರಬೇಕೆಂದು ಇಂಗ್ಲೆಂಡಿನ ಕಟ್ಟಡ ನಿಯಮಗಳು ಹೇಳುತ್ತವೆ. ಆ ದೇಶಕ್ಕೆ ಈ ವಿಷಯದಲ್ಲಿ ಹಳೆಯ ಅನುಭವವಿದೆ: ೧೨೧೨ರ ಮಹಾಗ್ನಿಯ ಬಳಿಕ ಲಂಡನ್ ನಗರ ಹೊಸ ಹುಲ್ಲುಮಾಡುಗಳನ್ನು ನಿಷೇಧಿಸಿ, ಇದ್ದವುಗಳಿಗೆ ಗಾರೆ ಬಳಿಯಲು ಆಜ್ಞಾಪಿಸಿತು. ಅಲ್ಲಿನ ಗ್ಲೋಬ್ ರಂಗಮಂದಿರವನ್ನು ೧೯೯೭ರಲ್ಲಿ ಹುಲ್ಲಿನ ಮಾಡಿನೊಡನೆ ಮತ್ತೆ ತೆರೆದಾಗ ಮಾಡಿಗೆ ನೀರು ಸಿಂಪಡಿಸುವ ವ್ಯವಸ್ಥೆಯನ್ನೂ ಅಳವಡಿಸಬೇಕಾಯಿತು.

ಮೂರನೆಯ ಆಯ್ಕೆ, ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮಾಡಿನ ಮೂಲಕ ಕೊಳವೆ ಒಯ್ಯುವುದು. ಆಗ ಕೊಳವೆಯ ಸುತ್ತ ಮೇಲೆ ಹೇಳಿದ ಅಂತರದಷ್ಟು ಹುಲ್ಲನ್ನೂ ಗಳುಗಳನ್ನೂ ಪೂರ್ತಿಯಾಗಿ ತೆಗೆದು, ಆ ಜಾಗವನ್ನು ತಗಡು ಅಥವಾ ಹೆಂಚಿನಿಂದ ಮುಚ್ಚಬೇಕು. ಸೋರುವುದೆಂದು ಹುಲ್ಲು, ಗೋಣಿ, ತೆಂಗಿನ ನಾರು ತುರುಕಲೇಬಾರದು. ಕಲ್ನಾರು-ಸಿಮೆಂಟಿನ ಹಳೆಯ ಕೊಳವೆಗಳು ಬಿರುಕುಬಿಟ್ಟಿದ್ದರೆ ಬದಲಿಸಬೇಕು. ಅವನ್ನು ಗರಗಸದಿಂದ ಕೊಯ್ಯಬಾರದು. ಆ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ.

ಯಾವ ಆಯ್ಕೆಯಾದರೂ ಅಟ್ಟವನ್ನು ಉಳಿಸಿಕೊಳ್ಳಬೇಕು. ಅದರ ಅಡಿಗೆ ಮಣ್ಣು, ಸೆಗಣಿಗಳ ಗಿಲಾವು ವರ್ಷಕ್ಕೊಮ್ಮೆ ಬೀಳಬೇಕು. ಮಾಡಿನ ಹುಲ್ಲಿಗೂ ಮಣ್ಣಿನ ರಕ್ಷೆ ಸಾಧ್ಯ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಮಳೆಗೆ ಕರಗದಂತೆ ಡಾಂಬರು ಬೆರೆಸಿದ ಮಣ್ಣಿನ ಗಿಲಾವನ್ನು ರೂಪಿಸಿ, ಹುಲ್ಲುಮಾಡಿಗೆ ಬಳಿಯುವ ವಿಧಾನವನ್ನು ಪ್ರಚುರಪಡಿಸಿದೆ. ಲವಣಗಳ ದ್ರಾವಣದಲ್ಲಿ ಅದ್ದಿದ ಹುಲ್ಲು ಬೇಗ ಹತ್ತುವುದಿಲ್ಲವಾದರೂ ನಮ್ಮ ಮಳೆಗಾಲದಲ್ಲಿ ಲವಣ ತೊಳೆದುಹೋಗುತ್ತದೆ, ಅದನ್ನೇ ನಂಬಬಾರದು.

ನಿತ್ಯದ ಪಾಲನೆ ಹೀಗಿರಬೇಕು. ಸೌದೆ ಚೆನ್ನಾಗಿ ಒಣಗಿರಬೇಕು. ಗರಿ, ಹಾಳೆಗಳನ್ನು ಬೆಂಕಿ ಹಚ್ಚಲು ಅಷ್ಟಿಷ್ಟೇ ಬಳಸಿ, ಕೊತ್ತಳಿಗೆ, ಕಟ್ಟಿಗೆಗಳನ್ನು ಮುಖ್ಯ ಇಂಧನವಾಗಿಸಬೇಕು. ಉದ್ದದ ಕೊಳ್ಳಿ ಒಲೆಯ ಬಾಯಿಂದ ಹೊರಚಾಚಿರುವಾಗ ಒಲೆಯನ್ನು ಬಿಟ್ಟುಹೋಗಬಾರದು. ಒಲೆಯ ಬಾಯಿಯ ಮುಂದೆ ಒಂದು ಮೀಟರಿನಷ್ಟು ನೆಲ ಸಾರಿಸಿ ಬರಿದಾಗಿರಬೇಕು. ಕೊಳವೆಯನ್ನು ಬಳಕೆಯ ಕಾಲದಲ್ಲಿ ತಿಂಗಳಿಗೊಮ್ಮೆ, ತಣ್ಣಗಿರುವಾಗ, ಬಿದಿರಿನ ತುದಿಗೆ ಕಟ್ಟಿದ ತೆಂಗಿನ ನಾರಿನ ಕುಂಚದಿಂದ ಉಜ್ಜಬೇಕು. ಬೂದಿಗೆ ನೀರು ಚಿಮುಕಿಸಿ, ಮನೆಯಿಂದ ದೂರದ ಗುಂಡಿಗೆ ಹಾಕಬೇಕು. ಫೆಬ್ರವರಿಯಿಂದ ಮೇ ತನಕ, ಮಾಡು ಅತ್ಯಂತ ಒಣಗಿರುವ ಕಾಲದಲ್ಲಿ, ಬಿರುಗಾಳಿಯ ಹೊತ್ತಿಗೆ ಒಲೆ ಹಚ್ಚದಿರುವುದು ಲೇಸು. ಕೌಟಿಲ್ಯನ ಬೇಸಗೆಯ ನಿಯಮ ಇಂದಿಗೂ ಹಳತಾಗಿಲ್ಲ.

ಬೆಂಕಿ ಬಿದ್ದರೆ ಮೊದಲು ಜನರನ್ನು ಹೊರಗೆ ಕಳುಹಿಸಬೇಕು. ಒಣಗಿದ ಮಡಲಿನ ಮಾಡು ಕೆಲವೇ ನಿಮಿಷಗಳಲ್ಲಿ ಪೂರ್ತಿ ಹತ್ತುತ್ತದೆ. ಸಾಮಾನಿಗಾಗಿ ಒಳಗೆ ಮರಳಬಾರದು. ೧೦೧ ಅಥವಾ ೧೧೨ ಸಂಖ್ಯೆಗೆ ಕರೆ ಮಾಡಬೇಕು. ಕೊಳವೆಯೊಳಗೆ ಬೆಂಕಿಯಿದ್ದರೆ ಒಲೆಯ ಬಾಯಿ ಮುಚ್ಚಿ ಗಾಳಿ ತಡೆಯಬೇಕು. ಕಾದ ಕೊಳವೆಗೆ ನೀರೆರಚಿದರೆ ಅದು ಸಿಡಿಯುತ್ತದೆ, ಆದ್ದರಿಂದ ನೀರು ಸುತ್ತಲಿನ ಹುಲ್ಲಿಗಿರಲಿ. ಉದ್ದನೆಯ ಕೊಕ್ಕೆ, ಏಣಿ, ನೀರಿನ ಎರಡು ಕೊಡ, ಒಂದು ಬುಟ್ಟಿ ಮರಳು, ಇಷ್ಟು ಹೊರಗೋಡೆಯ ಬಳಿ ಸದಾ ಇರಬೇಕು. ಕೊಕ್ಕೆಯಿಂದ ಹುಲ್ಲೆಳೆಯುವವನು ನೆಲದಲ್ಲಿ ನಿಂತೇ ಎಳೆಯಬೇಕು. ಉರಿಯುವ ಮಾಡನ್ನು ಏರಬಾರದು.

೭. ಅಟ್ಟದ ಓಲೆಗಳು

ಹೊರರಾಜ್ಯಗಳ ಸಂಶೋಧಕರಿಗೆ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ. ಓಲೆಗ್ರಂಥಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡುವ ಪದ್ಧತಿ ಅಜ್ಞಾನದ್ದಲ್ಲ. ಕರಾವಳಿಯ ತೇವಕ್ಕೆ, ಬೂಷ್ಟಿಗೆ, ಹುಳುಗಳಿಗೆ ಹೊಗೆಯೇ ಮದ್ದು. ವೆಂಕಟರಾಜ ಪುಣಿಂಚತ್ತಾಯರು ಕಾಸರಗೋಡು ಸೀಮೆಯ ಮನೆಗಳಲ್ಲಿ ಹುಡುಕಿ ‘ಶ್ರೀ ಭಾಗವತೊ’ದಂಥ ಹಳೆಯ ತುಳು ಕಾವ್ಯವನ್ನು ಬೆಳಕಿಗೆ ತರಲು ಸಾಧ್ಯವಾದುದು ಮನೆತನಗಳು ಓಲೆಗಳನ್ನು ಹೀಗೆ ಜೋಪಾನಮಾಡಿದ್ದರಿಂದ.

ಈಗ ಸ್ಥಿತಿ ಎರಡು ರೀತಿಯಲ್ಲಿ ಬದಲಾಗಿದೆ. ಹೊಗೆಕೊಳವೆ ಅಥವಾ ಅನಿಲದ ಒಲೆ ಬಂದ ಮನೆಯಲ್ಲಿ ಅಟ್ಟಕ್ಕೆ ಹೊಗೆ ತಾಗುವುದಿಲ್ಲ; ಓಲೆಯನ್ನು ಹುಳು ತಿನ್ನುತ್ತದೆ. ಕೊಳವೆ ಅಟ್ಟವನ್ನು ಭೇದಿಸಿದ ಮನೆಯಲ್ಲಿ ಓಲೆ ಬೆಂಕಿಗೆ ಹಿಂದಿಗಿಂತ ಹತ್ತಿರವಾಗಿದೆ. ಆದಕಾರಣ ಕ್ಷೇತ್ರಕಾರ್ಯಕ್ಕೆ ಹೋದವರು ಅಟ್ಟದಲ್ಲಿ ಕಟ್ಟು ಕಂಡರೆ ಮೊದಲು ಒಲೆ, ಕೊಳವೆಗಳ ಸ್ಥಿತಿಯನ್ನು ನೋಡಬೇಕು. ಮನೆಯವರ ಒಪ್ಪಿಗೆಯಿಂದ ಓಲೆಗಳ ಛಾಯಾಚಿತ್ರ ತೆಗೆದುಕೊಳ್ಳಬೇಕು. ಕಟ್ಟನ್ನು ಬೇರೆ ಕೋಣೆಯ ಒಣಜಾಗಕ್ಕೆ ಸ್ಥಳಾಂತರಿಸುವಂತೆ ಕೇಳಿಕೊಳ್ಳಬೇಕು. ಕೊಡಲು ಇಷ್ಟವಿದ್ದವರಿಗೆ ತಿರುವನಂತಪುರದ ಕಾರ್ಯವಟ್ಟಂನಲ್ಲಿರುವ ಕೇರಳ ವಿಶ್ವವಿದ್ಯಾನಿಲಯದ ಹಸ್ತಪ್ರತಿ ಗ್ರಂಥಾಲಯವನ್ನೋ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೋ ಸೂಚಿಸಬಹುದು. ಆ ಮನೆಯ ಅಜ್ಜಿಗೆ ಕೊಳವೆಯ ಸುತ್ತಲಿನ ಹುಲ್ಲನ್ನು ಸರಿಸಲು ಹೇಳುವುದೂ ಸಂಶೋಧಕನ ಕರ್ತವ್ಯದಲ್ಲಿ ಸೇರಿದೆ ಎಂದು ನಾನು ತಿಳಿದಿದ್ದೇನೆ. ಗ್ರಂಥಕ್ಕಿಂತ ಮುಂಚೆ ಸುಡುವುದು ಅದನ್ನು ಕಾಯ್ದವರ ಮನೆ.